ಮಿದುಳುಕಾಂಡಕ್ಕೆ ತಲೆಬುರುಡೆಯ ತಳದ ಶಸ್ತ್ರಮಾರ್ಗಗಳು

ಉಸಿರಾಟ, ನುಂಗುವಿಕೆ ಹಾಗೂ ಎಚ್ಚರವನ್ನು ಆಳುವ ಮಿದುಳುಕಾಂಡವನ್ನು ತಲುಪಲು ಬಳಸುವ ಶಸ್ತ್ರವಿಧಾನಗಳು. ಮಿದುಳನ್ನು ಎಳೆದು ಸರಿಸುವ ಬದಲು ಮೂಳೆಯನ್ನು ಕೊರೆದು ದಾರಿ ಮಾಡುವುದು ಇವುಗಳ ಮೂಲತತ್ತ್ವ.

ಕಿವಿಯ ಹಿಂದಿನ ರೆಟ್ರೊಸಿಗ್ಮಾಯ್ಡ್ ಮಾರ್ಗ ಹೆಚ್ಚು ಬಳಕೆಯಲ್ಲಿದೆ. ಆದರೆ ಕಾಂಡದ ಮುಂಭಾಗ ಅದರಿಂದ ಸರಿಯಾಗಿ ಕಾಣದು. ಜಪಾನಿನ ತಾಕೇಶಿ ಕವಾಸೆ 1985ರಲ್ಲಿ ವಿವರಿಸಿದ ಮಾರ್ಗದಲ್ಲಿ ಶಂಖಾಸ್ಥಿಯ ತುದಿಯನ್ನು ಕೊರೆದು, ಶ್ರವಣಶಕ್ತಿಯನ್ನು ಉಳಿಸಿಕೊಂಡೇ ಕಾಂಡದ ನಡುಭಾಗವಾದ ಪಾನ್ಸ್‌ನ ಮುಂಪಾರ್ಶ್ವವನ್ನು ತಲುಪುತ್ತಾರೆ. ಕಾಂಡದ ಕೆಳಭಾಗವಾದ ಮೆಡುಲ್ಲಾದ ಮುಂಭಾಗಕ್ಕೆ ಫಾರ್ ಲ್ಯಾಟರಲ್ ಮಾರ್ಗ ಸೂಕ್ತ. ಅಲ್ಲಿ ವರ್ಟಿಬ್ರಲ್ ಧಮನಿಗೆ ಗಾಯವಾಗುವುದೇ ದೊಡ್ಡ ಅಪಾಯ.

ಮುಂಬಯಿಯ ಹೆಸರು ಈ ಕ್ಷೇತ್ರದಲ್ಲಿ ಮುಖ್ಯವಾಗಿ ಬೇಸಿಲಾರ್ ಇನ್ವ್ಯಾಜಿನೇಷನ್ ಚಿಕಿತ್ಸೆಯೊಂದಿಗೆ ಸೇರಿಕೊಂಡಿದೆ. ಕತ್ತಿನ ಎರಡನೆಯ ಕಶೇರುವಿನ ಓಡಾಂಟಾಯ್ಡ್ ಮೊನೆ ಮೇಲೇರಿ ಮೆಡುಲ್ಲಾವನ್ನು ಒತ್ತುವ ಈ ಸ್ಥಿತಿಗೆ ಬಾಯಿಯ ಮೂಲಕ ಹೋಗಿ ಮೊನೆಯನ್ನು ಕೊರೆದು ತೆಗೆಯುವುದು ರೂಢಿಯಾಗಿತ್ತು. ಸೋಂಕಿನ ಭಯ, ಮಿದುಳುದ್ರವದ ಸೋರಿಕೆ, ನಂತರ ಹಿಂದಿನಿಂದ ಕಶೇರುಗಳನ್ನು ಜೋಡಿಸುವ ಇನ್ನೊಂದು ಶಸ್ತ್ರಚಿಕಿತ್ಸೆ, ಇವೆಲ್ಲ ರೋಗಿಗೆ ದುಬಾರಿ. ಮುಂಬಯಿಯ ಪರೇಲಿನ ಕೆ.ಇ.ಎಂ. ಆಸ್ಪತ್ರೆಯ ಅತುಲ್ ಗೋಯಲ್ ಮತ್ತು ವಿ. ಲಾಹೇರಿ 1994ರಲ್ಲಿ ಮೊದಲೆರಡು ಕಶೇರುಗಳನ್ನು ಫಲಕ-ತಿರುಪುಗಳಿಂದ ಬಿಗಿಯುವ ವಿಧಾನವನ್ನು ಪ್ರಕಟಿಸಿದರು. 2004ರಲ್ಲಿ ಗೋಯಲ್, ಆ ಎರಡು ಕಶೇರುಗಳ ನಡುವಿನ ಕೀಲನ್ನು ಹಿಂದಿನಿಂದ ಅಗಲಿಸಿ ಮೊನೆಯನ್ನು ಕೆಳಗಿಳಿಸುವ ಕ್ರಮವನ್ನು ವಿವರಿಸಿದರು. ಮೂಳೆ ತೆಗೆಯದೆ ಒತ್ತಡ ಇಳಿಸುವ ಈ ಯೋಚನೆ ನಿಜಕ್ಕೂ ದೊಡ್ಡ ತಿರುವು. ಆದರೆ ಕೀಲು ಸಡಿಲಗೊಳ್ಳದ ಕೆಲವರಿಗೆ ಬಾಯಿಯ ಇಲ್ಲವೇ ಮೂಗಿನ ಮಾರ್ಗ ಇಂದಿಗೂ ಬೇಕಾಗುತ್ತದೆ.