ಗುತ್ತಿಗೆಯಿಂದ ಜಾಲದವರೆಗೆ: ಸಾಗರೋತ್ತರ ಚೀನೀ ಅಪರಾಧ ಕೂಟಗಳ ಚರಿತ್ರೆ ಮತ್ತು ಬೆಳಗಾವಿ ಸೀಮೆ

ಪ್ರಸ್ತಾವನೆ

ಕಿತ್ತೂರಿನ ನೆರೆಯ ಖಾನಾಪುರ ತಾಲ್ಲೂಕಿನ ಬೀಡಿ ಗ್ರಾಮದಲ್ಲಿ 2025ರ ಮಾರ್ಚ್‌ನಲ್ಲಿ ವೃದ್ಧ ದಂಪತಿಯೊಂದು ‘ಡಿಜಿಟಲ್ ಅರೆಸ್ಟ್’ ಬೆದರಿಕೆಗೆ ಸಿಕ್ಕಿ, 50 ಲಕ್ಷ ರೂಪಾಯಿಗೂ ಹೆಚ್ಚು ಹಣ ತೆತ್ತು, ಕೊನೆಗೆ ಪ್ರಾಣವನ್ನೂ ಕಳೆದುಕೊಂಡಿತು. ಪೊಲೀಸರ ಸೋಗಿನಲ್ಲಿ ಫೋನ್ ಮಾಡಿ ಹೆದರಿಸಿ ಹಣ ಕೀಳುವ ಈ ಬಗೆಯನ್ನು ತೈವಾನ್ ಮತ್ತು ಚೀನಾ ಮೂಲದ ಕೂಟಗಳು ಎರಡು ದಶಕಗಳಿಂದ ದೊಡ್ಡ ಉದ್ಯಮವಾಗಿ ಬೆಳೆಸಿವೆ. ಇಂಥ ಕೂಟಗಳ ಶಕ್ತಿಯನ್ನು ಜನಾಂಗದ ಒಗ್ಗಟ್ಟಿನಿಂದ ವಿವರಿಸುವುದು ರೂಢಿ. ಆದರೆ ಅವುಗಳಿಗೆ ನೆಲೆ ಒದಗಿಸಿದ್ದು ಆಳುವವರು ಮಾರಿದ ಪರವಾನಗಿ ಮತ್ತು ಸ್ಥಳೀಯರ ಸಹಕಾರ ಎಂಬುದು ಈ ಲೇಖನದ ವಾದ.

ಗುಪ್ತಸಂಘ ಮತ್ತು ಅಫೀಮಿನ ಗುತ್ತಿಗೆ

‘ಟಿಯಾನ್‌ದಿಹುಯಿ’ ಎಂಬ ಗುಪ್ತಸಂಘ 1760ರ ದಶಕದಲ್ಲಿ ಚೀನಾದ ಫುಜಿಯಾನ್ ಪ್ರಾಂತದಲ್ಲಿ ಹುಟ್ಟಿತು. ಮಂಚು ಅರಸರ ವಿರುದ್ಧ ಬಂಡೆದ್ದ ಸನ್ಯಾಸಿಗಳು ಅದನ್ನು ಕಟ್ಟಿದರೆಂಬುದು ಐತಿಹ್ಯ. ಡಯಾನ್ ಮರ್ರೆ, ಡೇವಿಡ್ ಓನ್‌ಬಿ ಮುಂತಾದ ಇತಿಹಾಸಕಾರರು ದಾಖಲೆಗಳಲ್ಲಿ ಕಂಡದ್ದು ಊರು ಬಿಟ್ಟ ಬಡವರು ಒಬ್ಬರಿಗೊಬ್ಬರು ಆಸರೆಯಾಗಲು ಕಟ್ಟಿಕೊಂಡ ಸಂಘವನ್ನು. ವಲಸಿಗರೊಂದಿಗೆ ಅದು ಪೆನಾಂಗ್, ಸಿಂಗಪುರಗಳನ್ನು ತಲುಪಿತು.

ಅಲ್ಲಿ ಬ್ರಿಟಿಷ್ ಸರ್ಕಾರ ಅಫೀಮು ಮಾರುವ ಹಕ್ಕನ್ನು ಹರಾಜು ಹಾಕುತ್ತಿತ್ತು. ಗುತ್ತಿಗೆ ಹಿಡಿದ ಚೀನೀ ವರ್ತಕರಿಗೆ ಕಳ್ಳಮಾಲು ತಡೆಯಲು ಗುಪ್ತಸಂಘಗಳ ತೋಳ್ಬಲ ಬೇಕಾಯಿತು. ಖಜಾನೆ, ವರ್ತಕ, ಸಂಘ ಈ ಮೂರರ ನಂಟನ್ನು ಕಾರ್ಲ್ ಟ್ರೋಕಿ ವಿವರವಾಗಿ ತೋರಿಸಿದ್ದಾರೆ. 1890ರಲ್ಲಿ ಗುಪ್ತಸಂಘಗಳ ಮೇಲೆ ನಿಷೇಧ ಜಾರಿಗೆ ಬಂದರೂ ಅಫೀಮಿನ ಗುತ್ತಿಗೆ ಮುಂದೆ ಸುಮಾರು ಎರಡು ದಶಕ ನಡೆಯಿತು.

ಈ ವ್ಯವಸ್ಥೆ ನಮ್ಮ ಸೀಮೆಗೆ ತೀರ ಪರಕೀಯವಾಗಿರಲಿಲ್ಲ. ಮಾಳವದ ಅಫೀಮು ಮುಂಬಯಿ ಬಂದರಿನಿಂದ ಚೀನಾಕ್ಕೆ ಹೋಗುವಾಗ ಮುಂಬಯಿ ಸರ್ಕಾರ ಪ್ರತಿ ಪೆಟ್ಟಿಗೆಗೂ ಸುಂಕ ವಸೂಲು ಮಾಡುತ್ತಿತ್ತು. ಬೈಲಹೊಂಗಲ ಕೇಂದ್ರವಾಗಿದ್ದ ಸಂಪಗಾವಿ ತಾಲ್ಲೂಕು, ಸವದತ್ತಿ ಕೇಂದ್ರವಾಗಿದ್ದ ಪರಸಗಡ ತಾಲ್ಲೂಕುಗಳನ್ನು ಆಳುತ್ತಿದ್ದದ್ದು ಅದೇ ಸರ್ಕಾರ. ರಾಮದುರ್ಗ ಮಾತ್ರ ಪ್ರತ್ಯೇಕ ಸಂಸ್ಥಾನವಾಗಿತ್ತು. ಮುಂಬಯಿ ಪ್ರಾಂತದಲ್ಲಿ ಮದ್ಯ ಮಾರಾಟವೂ ಗುತ್ತಿಗೆಯಲ್ಲೇ ನಡೆಯುತ್ತಿತ್ತು.

ಕ್ಯಾಸಿನೋದಿಂದ ವಂಚನೆ ಕೇಂದ್ರಕ್ಕೆ

ಅಫೀಮಿನ ಗುತ್ತಿಗೆಯ ಜಾಗಕ್ಕೆ ಇಂದು ಬಂದಿರುವುದು ಕ್ಯಾಸಿನೋ ಪರವಾನಗಿ ಮತ್ತು ವಿಶೇಷ ಆರ್ಥಿಕ ವಲಯ. ಕೋ-ಲಿನ್ ಚಿನ್ ಮತ್ತು ಶೆಲ್ಡನ್ ಜಾಂಗ್ ಅವರ ಅಧ್ಯಯನಗಳ ಪ್ರಕಾರ ಗಡಿಯಾಚೆಯ ದಂಧೆ ನಡೆಸುವವರು ಹೆಚ್ಚಾಗಿ ಸಣ್ಣಪುಟ್ಟ ಉದ್ಯಮಿಗಳು; ಕಟ್ಟುನಿಟ್ಟಿನ ಶ್ರೇಣಿಯ ಗುಪ್ತಸಂಘಗಳಾದ ಟ್ರಯಾಡ್‌ಗಳಲ್ಲ. ಕಾಂಬೋಡಿಯಾ 2019ರಲ್ಲಿ ಆನ್‌ಲೈನ್ ಜೂಜು ನಿಷೇಧಿಸಿತು. ಮರುವರ್ಷ ಕೋವಿಡ್ ಗಿರಾಕಿಗಳನ್ನು ತಡೆಯಿತು. ಖಾಲಿ ಬಿದ್ದ ಕ್ಯಾಸಿನೋ ಕಟ್ಟಡಗಳು ವಂಚನೆ ಕೇಂದ್ರಗಳಾದವು. ಮ್ಯಾನ್ಮಾರ್‌ನ ಮ್ಯಾವಾಡಿ ಸುತ್ತ ಶಸ್ತ್ರಸಜ್ಜಿತ ಗುಂಪುಗಳೇ ಅವುಗಳಿಗೆ ರಕ್ಷಣೆ ಕೊಟ್ಟವು. ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನ ಬಲವಂತದ ದುಡಿಮೆಯಲ್ಲಿ ಸಿಲುಕಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರಲ್ಲಿ ಅಂದಾಜಿಸಿತು. ಉದ್ಯೋಗದ ಆಸೆಗೆ ಹೋಗಿ ಸಿಕ್ಕಿಬಿದ್ದ 549 ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳು ಕರೆತಂದವು.

ಕರ್ನಾಟಕದ ಕೊಂಡಿ

ಬೆಂಗಳೂರಿನ ಸೈಬರ್ ಕ್ರೈಂ ಠಾಣೆಯ 18 ಎಫ್‌ಐಆರ್‌ಗಳನ್ನು ಆಧರಿಸಿ 2022ರ ಸೆಪ್ಟೆಂಬರ್‌ನಲ್ಲಿ ಜಾರಿ ನಿರ್ದೇಶನಾಲಯ ಸಾಲದ ಆ್ಯಪ್‌ಗಳ ಮೇಲೆ ದಾಳಿ ನಡೆಸಿ 17 ಕೋಟಿ ರೂಪಾಯಿ ವಶಪಡಿಸಿಕೊಂಡಿತು. ಆ ದಂಧೆಯ ಮೇಲಿನ ಹಿಡಿತ ಚೀನೀಯರದು, ಕಾಗದದ ಮೇಲೆ ನಿರ್ದೇಶಕರಾಗಿದ್ದವರು ಭಾರತೀಯರು. ಅವರ ಹೆಸರಿನ ದಾಖಲೆ ಮತ್ತು ಖಾತೆಗಳ ಮೂಲಕವೇ ಹಣ ಹರಿದಿತ್ತು. ಇತ್ತ 2025ರ ನವೆಂಬರ್‌ನಲ್ಲಿ ಬೆಳಗಾವಿ ನಗರದ ನಕಲಿ ಕಾಲ್ ಸೆಂಟರೊಂದರಲ್ಲಿ 33 ಜನರ ಬಂಧನವಾಯಿತು. ಅಲ್ಲಿ ಕೂತವರು ಬಲೆ ಬೀಸಿದ್ದು ಅಮೆರಿಕನ್ನರಿಗೆ. ಹೀಗೆ ಒಂದು ಕಡೆ ಬಲಿಯಾಗುವ ನಾಡಿನವರೇ ಇನ್ನೊಂದು ಕಡೆ ವಂಚಕರಾಗಬಲ್ಲರು.

ಉಪಸಂಹಾರ

1890ರ ನಿಷೇಧ ಸಂಘಗಳನ್ನು ಮುರಿಯಿತು, ಲಾಭದ ಮೂಲವನ್ನು ಮುಟ್ಟಲಿಲ್ಲ. ಇಂದಿನ ದಾಳಿಗಳೂ ಇದೇ ಮಿತಿಯೊಳಗಿವೆ: ಒಂದು ಕೇಂದ್ರ ಮುಚ್ಚಿದರೆ ದಂಧೆ ಮತ್ತೊಂದು ಗಡಿಗೆ ಸರಿಯುತ್ತದೆ. ಅದು ಎಲ್ಲಿಗೆ ಸರಿದರೂ ಅದಕ್ಕೆ ಬಾಡಿಗೆ ಖಾತೆ, ಬೇರೆಯವರ ಹೆಸರಿನ ಸಿಮ್ ಮತ್ತು ವಿದೇಶದ ಕೆಲಸ ಕೊಡಿಸುವ ಏಜೆಂಟ್ ಬೇಕೇ ಬೇಕು. ಈ ಮೂರೂ ತಾಲ್ಲೂಕು ಕೇಂದ್ರಗಳಂಥ ಊರುಗಳಲ್ಲೂ ದೊರೆಯಬಲ್ಲವು. ಆದ್ದರಿಂದ ಬೈಲಹೊಂಗಲ ಅಥವಾ ರಾಮದುರ್ಗದ ಬ್ಯಾಂಕ್ ಶಾಖೆಯಲ್ಲಿ ಅನುಮಾನಾಸ್ಪದ ಖಾತೆಯೊಂದನ್ನು ಹೊತ್ತಿಗೆ ಸರಿಯಾಗಿ ತಡೆಯುವುದಕ್ಕೂ ಮ್ಯಾವಾಡಿಯ ದಾಳಿಯಷ್ಟೇ ಬೆಲೆಯಿದೆ.