ಸಾವಯವ ಸರಿ, ಮಾಲೀಕರು ಯಾರು?

2024ರ ಜನವರಿಯಲ್ಲಿ ಆರ್ಗ್ಯಾನಿಕ್ ಇಂಡಿಯಾ ಕಂಪನಿಯನ್ನು 1,900 ಕೋಟಿ ರೂಪಾಯಿಗೆ ಕೊಳ್ಳುವುದಾಗಿ ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್ ಪ್ರಕಟಿಸಿತು. ಮರುವರ್ಷ ಏಪ್ರಿಲ್‌ನಲ್ಲಿ ಐಟಿಸಿಯ ಸರದಿ. 24 ಮಂತ್ರ ಬ್ರ್ಯಾಂಡನ್ನು ಕಟ್ಟಿದ ಹೈದರಾಬಾದಿನ ಶ್ರೇಷ್ಠ ಕಂಪನಿಯನ್ನು ಸುಮಾರು 472 ಕೋಟಿಗೆ ಕೊಳ್ಳುವ ಒಪ್ಪಂದ ಆಯ್ತು. ತುಳಸಿ ಟೀ ಡಬ್ಬಿ ಅದೇ, ತೊಗರಿಬೇಳೆ ಪ್ಯಾಕೆಟ್ ಅದೇ. ಅಂಗಡಿ ಶೆಲ್ಫಿನ ಮುಂದೆ ನಿಂತು ನೋಡಿದರೆ ಏನೂ ಬದಲಾದಂತೆ ಕಾಣಲ್ಲ.

ಕಾಣಬೇಕು ಅಂತ ಯಾವ ನಿಯಮವೂ ಇಲ್ಲ. ಪ್ಯಾಕೆಟ್ ಮೇಲಿನ ಜೈವಿಕ್ ಭಾರತ್ ಮುದ್ರೆ ಬೆಳೆ ಬೆಳೆದ ರೀತಿಯ ಬಗ್ಗೆ ಮಾತ್ರ ಹೇಳುತ್ತೆ. ಕಂಪನಿ ಯಾರದ್ದು, ನಾಳೆ ಯಾರ ಕೈಗೆ ಹೋಗಬಹುದು ಅನ್ನೋದು ಆ ಮುದ್ರೆಯ ಕೆಲಸ ಅಲ್ಲ. ಹಾಗಾದರೆ ದೊಡ್ಡವರ ಪಾಲಾಗದೆ ಉಳಿದ ಬ್ರ್ಯಾಂಡುಗಳನ್ನು ಗುರುತಿಸೋದು ಹೇಗೆ? ಇದಕ್ಕೆ ನನಗೆ ಉತ್ತರ ಸಿಕ್ಕಿದ್ದು ಅಮೆರಿಕದ ಎರಡು ಹಾಲಿನ ಬ್ರ್ಯಾಂಡುಗಳ ಚರಿತ್ರೆಯಲ್ಲಿ. ನಮ್ಮಲ್ಲಿ ಈಗ ನಡೀತಿರೋದು ಅಲ್ಲಿ ಕಾಲು ಶತಮಾನದ ಹಿಂದೆಯೇ ನಡೆದುಹೋಗಿದೆ.

ಮೊದಲನೆಯದು ಆರ್ಗ್ಯಾನಿಕ್ ವ್ಯಾಲಿ. 1988ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಕೆಲವು ರೈತರು ಸೇರಿ ಕಟ್ಟಿದ ಸಹಕಾರ ಸಂಘ. ಸಾಲ ತೀರಿಸಲಾಗದೆ ಸಣ್ಣ ರೈತರು ಜಮೀನು ಕಳ್ಕೊಳ್ತಿದ್ದ ದಶಕ ಅದು. ತರಕಾರಿಯಿಂದ ಶುರುವಾಗಿ ಬೇಗನೆ ಹಾಲಿಗೆ ಬಂದರು. ಹಾಲು ಹಾಕುವವರೇ ಸದಸ್ಯರು, ಹಾಲಿಗೆ ಎಷ್ಟು ಬೆಲೆ ಅಂತ ತೀರ್ಮಾನಿಸೋದು ಅವರೇ ಆರಿಸಿದ ಮಂಡಳಿ.

ಎರಡನೆಯದು ಹೊರೈಜನ್. 1991ರಲ್ಲಿ ಕೊಲರಾಡೋದಲ್ಲಿ ಸಾವಯವ ಮೊಸರು ಮಾರುತ್ತಾ ಶುರುವಾಯ್ತು. ಬೇಗ ಬೆಳೆಯೋಕೆ ಹೂಡಿಕೆದಾರರ ಹಣ ತಗೊಂಡಿತು, 1998ರಲ್ಲಿ ಷೇರು ಮಾರುಕಟ್ಟೆಗೆ ಬಂತು. 2004ರ ಹೊತ್ತಿಗೆ ಡೀನ್ ಫುಡ್ಸ್ ಅನ್ನೋ ದೈತ್ಯ ಡೈರಿ ಕಂಪನಿಯ ಪಾಲಾಯ್ತು. 2017ರಲ್ಲಿ ಫ್ರಾನ್ಸಿನ ಡ್ಯಾನೋನ್ ಕೈಗೆ ಬಂತು. 2024ರಲ್ಲಿ ಪ್ಲ್ಯಾಟಿನಮ್ ಇಕ್ವಿಟಿ ಅನ್ನೋ ಹೂಡಿಕೆ ಸಂಸ್ಥೆಗೆ ಹೋಯ್ತು. ಇಷ್ಟು ಕೈ ಬದಲಾದರೂ ಹಾಲು ಸಾವಯವವೇ. ಸರ್ಟಿಫಿಕೇಟಿನಲ್ಲಿ ತಪ್ಪು ಹುಡುಕೋಕೆ ಏನೂ ಇಲ್ಲ.

ವ್ಯತ್ಯಾಸ ಕಂಡದ್ದು 2021ರಲ್ಲಿ. ಈಶಾನ್ಯ ಅಮೆರಿಕದ 89 ಹೈನುಗಾರರ ಜೊತೆಗಿನ ಕರಾರನ್ನು ಮುಂದುವರಿಸಲ್ಲ ಅಂತ ಡ್ಯಾನೋನ್ ತಿಳಿಸಿತು. ಅಷ್ಟು ದೂರದಿಂದ ಹಾಲು ಸಾಗಿಸೋದು ಕಷ್ಟ ಅನ್ನೋದು ಕೊಟ್ಟ ಕಾರಣಗಳಲ್ಲೊಂದು. ಹಸು ಕಟ್ಟಿದವರಿಗೆ ಇದರ ಅರ್ಥ ಗೊತ್ತು. ಕೊಳ್ಳುವವರು ಇಲ್ಲ ಅಂತ ನಾಳೆ ಬೆಳಗ್ಗೆ ಹಾಲು ಕರೆಯೋದನ್ನು ನಿಲ್ಲಿಸೋಕೆ ಆಗಲ್ಲ. ಮರುವರ್ಷ ಆ ರೈತರಲ್ಲಿ ಬಹಳಷ್ಟು ಮಂದಿಗೆ ಸದಸ್ಯತ್ವ ಕೊಡಲು ಮುಂದೆ ಬಂದದ್ದು ಆರ್ಗ್ಯಾನಿಕ್ ವ್ಯಾಲಿ. ಅದೇನು ದಾನಧರ್ಮದ ಸಂಸ್ಥೆ ಅಲ್ಲ, ಅದೂ ಲಾಭ ನಷ್ಟ ನೋಡುತ್ತೆ. ಆದರೆ ಅಲ್ಲಿ ಲೆಕ್ಕ ಹಾಕುವವರೂ ಹೈನುಗಾರರೇ.

ಸ್ನಾನದ ಮನೆಯ ಕಥೆಯೂ ಹೀಗೇ. ಟಾಮ್ಸ್ ಆಫ್ ಮೇನ್ ಟೂತ್‌ಪೇಸ್ಟ್ 2006ರಲ್ಲಿ ಕೋಲ್ಗೇಟ್ ಪಾಲಾಯ್ತು. ಜೇನುಮೇಣದ ಬರ್ಟ್ಸ್ ಬೀಸ್ 2007ರಲ್ಲಿ ಹೋಗಿದ್ದು ಬ್ಲೀಚ್ ಮಾರುವ ಕ್ಲೋರಾಕ್ಸ್‌ಗೆ. ಡಾಕ್ಟರ್ ಬ್ರಾನರ್ಸ್ ಸೋಪು ಮಾತ್ರ 1948ರಿಂದ ಇಂದಿಗೂ ಅದೇ ಕುಟುಂಬದ ಕೈಯಲ್ಲಿದೆ. ಕಂಪನಿಯಲ್ಲಿ ಅತಿ ಹೆಚ್ಚು ಸಂಬಳ ಪಡೆಯುವವರಿಗೆ ಅತಿ ಕಡಿಮೆ ಪಡೆಯುವವರ ಐದು ಪಟ್ಟಿಗಿಂತ ಹೆಚ್ಚು ಸಿಗಲ್ಲ ಅನ್ನೋದು ಅವರದೇ ನಿಯಮ. ಆದರೆ ಕುಟುಂಬದ ಕಂಪನಿ ಉಳಿಯೋದು ಕುಟುಂಬದ ಮನಸ್ಸು ಬದಲಾಗುವ ತನಕ.

ಮಾರಿದವರೆಲ್ಲ ಆಸೆಬುರುಕರು ಅಂತ ನಾನು ಹೇಳ್ತಿಲ್ಲ. ಹೂಡಿಕೆ ಸಂಸ್ಥೆ ಹಣ ಹಾಕೋದೇ ಕೆಲವು ವರ್ಷಗಳ ನಂತರ ಲಾಭದ ಜೊತೆ ವಾಪಸ್ ತಗೊಳ್ಳೋಕೆ. ಅದಕ್ಕಿರುವ ದಾರಿ ಎರಡೇ ಅನ್ನಬಹುದು: ಷೇರು ಮಾರುಕಟ್ಟೆ, ಇಲ್ಲವೇ ದೊಡ್ಡ ಕಂಪನಿ. ಸ್ಟಾರ್ಟಪ್‌ನಲ್ಲಿ ದುಡಿಯುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಚೆಕ್ ಪಡೆದ ದಿನವೇ ಮಾರಾಟದ ದಾರಿ ತೆರೆದಿರುತ್ತೆ. ಹಾಗಾಗಿ ಸಂಸ್ಥಾಪಕರ ಸಂದರ್ಶನ ಓದಿ ಪ್ರಯೋಜನ ಕಡಿಮೆ, ಕಂಪನಿಯ ರಚನೆ ಎಂಥದ್ದು ಅಂತ ನೋಡಬೇಕು.

ಅಂಥ ರಚನೆ ನಮಗೆ ಹೊಸದಲ್ಲ. ನಂದಿನಿ ಹಾಲಿನ ಬೇರು ಇರೋದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘಗಳಲ್ಲಿ. ಅದನ್ನು ಯಾವುದೋ ಕಂಪನಿ ಷೇರು ಕೊಂಡು ಕಬಳಿಸೋದು ಅಷ್ಟು ಸುಲಭ ಅಲ್ಲ. ನಂದಿನಿ ಸಾವಯವ ಅಲ್ಲ, ಆ ಮಾತು ಬೇರೆ. 2002ರಲ್ಲಿ ಕಂಪನಿ ಕಾಯ್ದೆಗೆ ತಿದ್ದುಪಡಿ ತಂದು ರೈತರಿಗೆ ಇನ್ನೊಂದು ದಾರಿ ಮಾಡಿಕೊಟ್ಟರು. ಅದೇ ಉತ್ಪಾದಕರ ಕಂಪನಿ. ಕನಿಷ್ಠ 10 ಜನ ಬೆಳೆಗಾರರು ಸೇರಿ ಕಟ್ಟಬಹುದು. ಉತ್ಪಾದಕರು ಮಾತ್ರ ಸದಸ್ಯರು. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಷೇರನ್ನು ಹೊರಗಿನವರಿಗೆ ಮಾರುವಂತಿಲ್ಲ. ದೇಸಿ ಭತ್ತದ ತಳಿಗಳನ್ನು ಉಳಿಸುವ ಕೆಲಸಕ್ಕೆ ಹೆಸರಾದ ಸಹಜ ಸಮೃದ್ಧ ಬಳಗದವರು ಬೆಂಗಳೂರಿನಲ್ಲಿ ಕಟ್ಟಿದ ಕಂಪನಿ ಇಂಥದ್ದು. ಅವರ ಅಕ್ಕಿ, ಸಿರಿಧಾನ್ಯಗಳು ಸಹಜ ಆರ್ಗ್ಯಾನಿಕ್ಸ್ ಹೆಸರಲ್ಲಿ ಬರುತ್ತವೆ.

ಇದರ ಬೆಲೆಯನ್ನೂ ಹೇಳಬೇಕು. ಹೊರಗಿನ ಬಂಡವಾಳ ಬರದ ಕಡೆ ಜಾಹೀರಾತಿಗೆ, ಗೋದಾಮಿಗೆ ಹಣ ಕಡಿಮೆ. ಹತ್ತು ನಿಮಿಷದಲ್ಲಿ ಮನೆಗೆ ತಲುಪಿಸುವ ಆ್ಯಪ್‌ಗಳಲ್ಲಿ ಇಂಥವು ಕಾಣೋದು ಅಪರೂಪ. ಸ್ವಲ್ಪ ಹುಡುಕಬೇಕು, ಕೆಲವೊಮ್ಮೆ ಸ್ಟಾಕ್ ಇರಲ್ಲ.

ಮುಂದಿನ ಸಲ ಪ್ಯಾಕೆಟ್ ಕೈಗೆತ್ತಿಕೊಂಡಾಗ ತಿರುಗಿಸಿ ನೋಡಿ. ಕೆಳಗೆ ಸಣ್ಣ ಅಕ್ಷರದಲ್ಲಿ ತಯಾರಕರ, ಮಾರಾಟಗಾರರ ಹೆಸರು ಇರುತ್ತೆ. ಅಲ್ಲಿ ‘ಪ್ರೊಡ್ಯೂಸರ್ ಕಂಪನಿ ಲಿಮಿಟೆಡ್’ ಅಂತ ಇದ್ದರೆ ಬೆಳೆಗಾರರದ್ದೇ ಕಂಪನಿ ಅಂತ ತಿಳೀರಿ. ಸಹಕಾರ ಸಂಘದ ಹೆಸರಿದ್ದರೂ ಸರಿಯೇ. ‘ಪ್ರೈವೇಟ್ ಲಿಮಿಟೆಡ್’ ಅಂತ ಇದ್ದರೆ ಆ ಹೆಸರು ಹಾಕಿ ಹೂಡಿಕೆದಾರರು ಯಾರು ಅಂತ ಹುಡುಕಿ, ಐದು ನಿಮಿಷದ ಕೆಲಸ. ಕೊಳ್ಳೋದು ಬಿಡೋದು ಆಮೇಲಿನ ಮಾತು, ನಿಮ್ಮ ದುಡ್ಡು ಯಾರಿಗೆ ಸೇರುತ್ತೆ ಅನ್ನೋದಂತೂ ಗೊತ್ತಿರುತ್ತೆ.