ಎತ್ತು ಮೇಯದಿದ್ರೆ ಫಿರಂಗಿ ನಡೆಯಲ್ಲ (ಗೇಮ್ ಡೈರಿ, ಭಾಗ 4)

ಹೋದ ಪೋಸ್ಟಲ್ಲಿ ಮೂರನೇ ಮೈಸೂರು ಯುದ್ಧದ ನಮ್ಮ ಬೋರ್ಡ್ ಗೇಮಿನ ಮ್ಯಾಪ್ ತೋರಿಸಿದ್ದೆ. ಈ ವಾರ ಆಡಿ ನೋಡಿದ್ವಿ, ದೊಡ್ಡ ತಪ್ಪು ಸಿಕ್ತು. ಬೆಂಗಳೂರು ಗೆದ್ದ ಕಾರ್ನ್‌ವಾಲಿಸ್ ಎರಡೇ ಟರ್ನಲ್ಲಿ ಶ್ರೀರಂಗಪಟ್ಟಣ ತಗೊಂಡುಬಿಡ್ತಾನೆ. ಪ್ರತಿ ಸಲಾನೂ! ಯಾಕಂದ್ರೆ ನಮ್ಮ ಗೇಮಲ್ಲಿ ಸೈನ್ಯಕ್ಕೆ ಹಸಿವೇ ಇಲ್ಲ.

ನಿಜವಾಗಿ ಆಗಿದ್ದೇನು ನೋಡಿ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಬಿತ್ತು. ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಕಾನಕಾನಹಳ್ಳಿ, ಅಂದ್ರೆ ಈಗಿನ ಕನಕಪುರದ ದಾರಿ ಹಿಡಿದ. ಟಿಪ್ಪು ಆ ಕಡೆ ಹಳ್ಳಿಗಳನ್ನು ಖಾಲಿ ಮಾಡಿಸಿ, ಮೇವು ಸುಡಿಸಿದ್ದ. ಮೇ 15ರಂದು ಅರಕೆರೆ ಹತ್ತಿರದ ಕಾಳಗದಲ್ಲಿ ಗೆದ್ದದ್ದು ಇಂಗ್ಲಿಷರೇ. ಆದರೆ ಎತ್ತುಗಳು ಸಾಯ್ತಿದ್ದವು, ಮಳೆ ಹಿಡಿದಿತ್ತು, ದಿನಸಿ ಮುಗೀತಾ ಬಂದಿತ್ತು. ಕೋಟೆ ಅಷ್ಟು ಹತ್ತಿರ ಇದ್ರೂ, ಎಳೆಯೋಕೆ ಎತ್ತಿಲ್ಲದೆ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿಸಿ ವಾಪಸ್ ಹೊರಟ. ದಾರಿಯಲ್ಲಿ ಮಿತ್ರಪಕ್ಷದ ಮರಾಠರು ಸಿಕ್ಕರು. ಅವರ ಸೈನ್ಯದ ಜೊತೆ ಬಂದಿದ್ದ ಬಜಾರಿನಲ್ಲಿ ದುಬಾರಿ ಬೆಲೆಗಾದ್ರೂ ಧಾನ್ಯ ಸಿಕ್ತು.

ನಮ್ಮ ಬಿಕಾಂ ಭಾಷೇಲಿ ಹೇಳೋದಾದ್ರೆ ಲಾಭ ಇದೆ, ಕೈಯಲ್ಲಿ ಕ್ಯಾಶ್ ಇಲ್ಲ.

ಅದಕ್ಕೇ ಈ ಹೊಸ ರೂಲ್‌ಗಳು:

1. ಎತ್ತಿನ ಟೋಕನ್. ಒಂದು ಟೋಕನ್ 10 ಮೂಟೆ ಹೊರುತ್ತೆ. ದಾರಿಯಲ್ಲಿ ಹುಲ್ಲಿದ್ರೆ ಅದರ ಮೇವಿಗೆ ಖರ್ಚಿಲ್ಲ. ಹುಲ್ಲು ಸುಟ್ಟಿದ್ರೆ ಟರ್ನಿಗೆ 1 ಮೂಟೆ ಅದೇ ತಿನ್ನುತ್ತೆ. ನಾಲ್ಕು ಟರ್ನ್ ದೂರ ಹೋಗಿ ಬರೋಕೆ 8 ಮೂಟೆ ಖಾಲಿ, ಸೈನ್ಯಕ್ಕೆ ಉಳಿಯೋದು ಎರಡೇ.

2. ಮಳೆ. ಮಳೆಗಾಲದ ಟರ್ನಲ್ಲಿ ಫಿರಂಗಿ ಅರ್ಧ ದೂರ ಮಾತ್ರ. ಟಿಪ್ಪು ಕಡೆಯವರಿಗೆ ಒಂದು ಬೋನಸ್: ಅಮೃತ ಮಹಲ್ ಎತ್ತುಗಳು. ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಆ ಹೆಸರಿಟ್ಟವನು ಟಿಪ್ಪುವೇ.

3. ಬಂಜಾರ ಕಾರ್ಡ್. ನಮ್ಮ ಲಂಬಾಣಿಗಳ ಹಿರಿಯರು ಎತ್ತಿನ ಹಿಂಡುಗಳ ಮೇಲೆ ಧಾನ್ಯ ಸಾಗಿಸುತ್ತಿದ್ದ ವ್ಯಾಪಾರಿಗಳು. ದುಡ್ಡು ಕೊಡಬೇಕು, ದಾರಿಯೂ ಭದ್ರ ಇರಬೇಕು. ಕಾರ್ನ್‌ವಾಲಿಸ್ ಎರಡನೇ ಸಲ ಮಾಡಿದ್ದು ಇದನ್ನೇ. ಮೊದಲು ನಂದಿದುರ್ಗ, ಸಾವನದುರ್ಗ ಹಿಡಿದ, ಬಂಜಾರರಿಂದ ಧಾನ್ಯ ತರಿಸಿಕೊಂಡ, ಆಮೇಲೆ 1792ರ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣದ ಮುಂದೆ ನಿಂತ. ಮಾರ್ಚ್‌ನ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯ್ತು.

ನಾಲ್ಕನೇ ರೂಲಿನ ಹತ್ತಿರ ನಾನು ಸಿಕ್ಕಿಹಾಕ್ಕೊಂಡಿದ್ದೀನಿ. ಎರಡನೇ ಆಟದಲ್ಲಿ ಟಿಪ್ಪು ಆಡ್ತಿದ್ದ ಫ್ರೆಂಡ್ ಸಿಕ್ಕ ಸಿಕ್ಕ ಮನೆಗೆಲ್ಲ ಕೆಂಪು ಟೋಕನ್ ಇಟ್ಟು ಮೇವು ಸುಟ್ಟ, ಆರಾಮಾಗಿ ಗೆದ್ದ. ನಾವೆಲ್ಲ ಚಪ್ಪಾಳೆ ಹೊಡೆದ್ವಿ. ಆಮೇಲೆ ಮ್ಯಾಪ್ ನೋಡಿದ್ರೆ ಕನಕಪುರದ ಕಡೆ ಪೂರ್ತಿ ಕೆಂಪು. ನಮ್ಮಜ್ಜಿ ಊರು ಅಲ್ಲೇ. ಒಂದು ಬಣವೆ ಹುಲ್ಲು ಮಳೆಗೆ ನೆನೆದ್ರೆ ಅಜ್ಜಿ ವಾರಗಟ್ಟಲೆ ಗೊಣಗ್ತಾರೆ. ಆವತ್ತು ಊರು ಬಿಟ್ಟು ಹೋದವರ ದನಕರುಗಳು ಏನು ತಿಂದ್ವು? ನಮ್ಮ ಗೇಮಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಹಾಗಾಗಿ ಸುಟ್ಟ ಪ್ರತಿ ಮನೆಗೂ ಸುಟ್ಟವರಿಗೇ ಪಾಯಿಂಟ್ ಕಟ್ ಮಾಡೋಣ ಅನ್ಕೊಂಡಿದ್ದೀನಿ. ಒಂದು ಕಟ್ ಮಾಡಿದ್ರೆ ಯಾರೂ ಕೇರ್ ಮಾಡಲ್ಲ. ಐದು ಮಾಡಿದ್ರೆ ಯಾರೂ ಸುಡಲ್ಲ, ಆಗ ಅದು 1791 ಆಗಲ್ಲ. ಎಷ್ಟಿರಬೇಕು, ಕಾಮೆಂಟಲ್ಲಿ ಹೇಳಿ. ಭಾನುವಾರ ಮತ್ತೆ ಆಡ್ತೀವಿ, ಕ್ಲಾಸ್‌ನವರು ಬನ್ನಿ.

#ಗೇಮ್‌ಡೈರಿ #ಮೈಸೂರುಯುದ್ಧ #ಇತಿಹಾಸ